ವಿದೇಶಕ್ಕೆ ಹೊರಟವರು ದನಿ ತಗ್ಗಿಸಿ ಕೇಳುವ ಪ್ರಶ್ನೆಗಳು

ವೀಸಾ, ಟಿಕೆಟ್ಟಿನ ವಿಷಯ ಏಜೆಂಟರನ್ನು ಕೇಳುತ್ತಾರೆ. ನನ್ನನ್ನು ಕೇಳುವುದು ಬೇರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತು, ಫೋನಿನಲ್ಲಿ ಮಾತು ಮುಗಿಯುವ ಹೊತ್ತಿಗೆ "ಅಂದ ಹಾಗೆ..." ಅಂತ ಶುರುಮಾಡಿ ಕೇಳುವ ಪ್ರಶ್ನೆಗಳು. ಅವನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ, ಕೇಳಿದವರ ಮಾತಿನಲ್ಲೇ. ವಿದೇಶ ಅಂದರೆ ಒಂದೇ ದೇಶವಲ್ಲ. ಟೋಕಿಯೊದಲ್ಲಿ ಸರಿ ಅನ್ನಿಸಿಕೊಂಡದ್ದು ನ್ಯೂಯಾರ್ಕಿನಲ್ಲಿ ತಪ್ಪಾಗುತ್ತದೆ. ಹಾಗಾಗಿ ಆದಷ್ಟೂ ದೇಶದ ಹೆಸರು ಹೇಳಿಯೇ ಉತ್ತರ ಕೊಟ್ಟಿದ್ದೇನೆ.

## ಮೊದಲ ದಿನವೇ ಎದುರಾಗುವವು

ಕೇಳೋಕೆ ಮುಜುಗರ ಆಗುತ್ತೆ. ಅಲ್ಲಿ ಟಾಯ್ಲೆಟ್ಟಿನಲ್ಲಿ ನೀರೇ ಇರಲ್ವಾ?

ಮುಜುಗರ ಬೇಡ, ಎಲ್ಲರೂ ಮೊದಲು ಕೇಳುವುದು ಇದನ್ನೇ. ಅಮೆರಿಕ, ಬ್ರಿಟನ್, ಜರ್ಮನಿಯಲ್ಲಿ ಸಾಮಾನ್ಯವಾಗಿ ಬರೀ ಪೇಪರ್. ಥಾಯ್ಲೆಂಡ್, ಮಲೇಷ್ಯಾ, ಕೊಲ್ಲಿ ದೇಶಗಳಲ್ಲಿ ನಮ್ಮ ಹಾಗೆ ಪೈಪ್ ಇರುತ್ತದೆ. ಯುರೋಪಿನಲ್ಲಿ ಎಲ್ಲೂ ನೀರಿಲ್ಲ ಅಂದುಕೊಳ್ಳಬೇಡಿ. ಫಿನ್ಲೆಂಡಿನ ಮನೆಗಳಲ್ಲಿ ವಾಷ್ ಬೇಸಿನ್ನಿನ ಪಕ್ಕ ಪುಟ್ಟ ಕೈ ಶವರ್ ನೇತಾಡುತ್ತಿರುತ್ತದೆ. ಇಟಲಿಯಲ್ಲಂತೂ ಮನೆ ಕಟ್ಟಿದರೆ ಒಂದು ಬಾತ್‌ರೂಮಿನಲ್ಲಾದರೂ ಬಿಡೆ ಇರಬೇಕು ಅಂತ 1975ರಲ್ಲೇ ನಿಯಮ ಬಂತು. ಬಿಡೆ ಅಂದರೆ ತೊಳೆದುಕೊಳ್ಳಲೆಂದೇ ಇರುವ ತಗ್ಗು ಬೇಸಿನ್.

ಜಪಾನಿನದು ಇನ್ನೊಂದು ಲೋಕ. ಟೋಟೊ ಕಂಪನಿ 1980ರಲ್ಲಿ ವಾಷ್‌ಲೆಟ್ ಅನ್ನುವ ಸೀಟನ್ನು ಮಾರುಕಟ್ಟೆಗೆ ತಂದಿತು. ಅಂಥ ಸೀಟುಗಳು ಈಗ ಅಲ್ಲಿ ಮನೆಮನೆಯಲ್ಲೂ ಇವೆ. ಗೋಡೆಯ ಮೇಲೆ ಸಾಲಾಗಿ ಬಟನ್ನುಗಳು, ಕೂತರೆ ಸೀಟು ಬೆಚ್ಚಗೆ. ನಾನು ಮೊದಲ ಸಲ ಹೋದಾಗ, ಎದ್ದು ನಿಂತು, ಇದು ಏನು ಮಾಡುತ್ತೆ ನೋಡೋಣ ಅಂತ ಒಂದು ಬಟನ್ ಒತ್ತಿದೆ. ಕೆಳಗಿನಿಂದ ಸಣ್ಣ ಕೊಳವೆಯೊಂದು ಮೆಲ್ಲಗೆ ಹೊರಬಂದು, ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ, ಎದುರಿನ ಬಾಗಿಲಿಗೆ ನೇರವಾಗಿ ನೀರು ಹಾರಿಸಿತು. ನಡುವೆ ನನ್ನ ಶರ್ಟ್ ಇತ್ತು. ಕೂತಿರುವಾಗ ಮಾತ್ರ ಒತ್ತಿ.

ಬೇರೆ ಕಡೆಗೆ ಸುಲಭ ಉಪಾಯ: ಅರ್ಧ ಲೀಟರಿನ ಖಾಲಿ ಬಾಟಲಿ ಚೀಲದಲ್ಲಿ ಇಟ್ಟುಕೊಳ್ಳಿ. ಗ್ರೀಸಿನಲ್ಲಿ ಮಾತ್ರ ಪೇಪರನ್ನು ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಬೇಕು. ಅಲ್ಲಿನ ಪೈಪುಗಳು ಸಣ್ಣವು.

ಬಕೆಟ್ಟು, ಮಗ್ಗು ಇಲ್ಲದೆ ಸ್ನಾನ ಮಾಡೋದು ಹೇಗೆ?

ಬಕೆಟ್ ಇಲ್ಲದಿರುವುದು ದೊಡ್ಡ ವಿಷಯವಲ್ಲ. ಬಾತ್‌ರೂಮಿನ ನೆಲದಲ್ಲಿ ನೀರು ಹೋಗುವ ತೂತೇ ಇಲ್ಲದಿರುವುದು ದೊಡ್ಡ ವಿಷಯ. ಅಮೆರಿಕ, ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಮೇಲಿನ ಮಹಡಿಯ ನೆಲ ಮರದ್ದು. ಅದರ ಮೇಲೆ ತೆಳ್ಳಗಿನ ಹೊದಿಕೆ, ಅಷ್ಟೇ. ಪರಿಚಯದವರ ಮನೆಯೊಂದರಲ್ಲಿ ನಾನು ಶವರಿನ ಪರದೆಯನ್ನು ಟಬ್ಬಿನ ಹೊರಗೆ ಇಳಿಬಿಟ್ಟು ಹಾಯಾಗಿ ಸ್ನಾನ ಮಾಡಿ ಬಂದೆ. ಕೆಳಗಿಳಿದರೆ ಅಡುಗೆಮನೆಯ ದೀಪದಿಂದ ನೀರು ತೊಟ್ಟಿಕ್ಕುತ್ತಿತ್ತು. ಮನೆಯವರು ಏನೂ ಅನ್ನದೆ ಕೆಳಗೊಂದು ಪಾತ್ರೆ ಇಟ್ಟರು. ಬೈದಿದ್ದರೆ ವಾಸಿಯಿತ್ತು.

ಪರದೆ ಟಬ್ಬಿನ ಒಳಗೆ ಇರಲಿ. ಮೈ ಒರೆಸಿಕೊಂಡೇ ಹೊರಗೆ ಕಾಲಿಡಿ. ನೆಲ ಒದ್ದೆಯಾದರೆ ತಕ್ಷಣ ಒರೆಸಿ.

ನಲ್ಲಿ ನೀರು ಕುಡಿಯಬಹುದಾ? ಹೋಟೆಲಿನಲ್ಲಿ ನೀರಿಗೂ ದುಡ್ಡಂತೆ?

ಪಶ್ಚಿಮ ಯುರೋಪ್, ಜಪಾನ್, ಸಿಂಗಪುರದಲ್ಲಿ ನಲ್ಲಿ ನೀರು ಧೈರ್ಯವಾಗಿ ಕುಡಿಯಿರಿ. ಅಮೆರಿಕದ ಹೋಟೆಲಿನಲ್ಲಿ ಕೂತ ಕೂಡಲೇ ಲೋಟದ ತುಂಬ ಐಸ್ ಹಾಕಿದ ನೀರು ಬರುತ್ತದೆ, ದುಡ್ಡಿಲ್ಲ. ಚಳಿಗಾಲದಲ್ಲೂ ಐಸ್ ಇರುತ್ತದೆ. ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪ್ಯಾರಿಸಿನಲ್ಲಿ "ಕರಾಫ್ ದೋ" ಅಂತ ಕೇಳಿದರೆ ಹೂಜಿಯಲ್ಲಿ ನಲ್ಲಿ ನೀರನ್ನು ಪುಕ್ಕಟೆ ಕೊಡುತ್ತಾರೆ. ಜರ್ಮನಿಯಲ್ಲಿ ಸುಮ್ನೆ "ವಾಟರ್" ಅಂದರೆ ಬುರುಬುರು ಗುಳ್ಳೆ ಬರುವ ಸೋಡಾ ನೀರು ಬರುವ ಸಾಧ್ಯತೆಯೇ ಹೆಚ್ಚು, ಅದಕ್ಕೆ ಬಿಲ್ಲೂ ಬರುತ್ತದೆ. ಸಾದಾ ನೀರು ಬೇಕಿದ್ದರೆ "ಶ್ಟಿಲ್" ಅನ್ನಿ. ಅಲ್ಲಿ ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಬಾಟಲಿಯನ್ನು ಎಸೆಯಬೇಡಿ. ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್ ಸಿಗುತ್ತದೆ.

ನಮ್ಮ ಚಾರ್ಜರು ಅಲ್ಲಿ ಸುಟ್ಟು ಹೋಗುತ್ತಾ?

ಫೋನ್, ಲ್ಯಾಪ್‌ಟಾಪಿನದು ಇಲ್ಲ. ಅದರ ಮೇಲೆ 100–240 ವೋಲ್ಟ್ ಅಂತ ಬರೆದಿದ್ದರೆ ಪಿನ್ ಹೊಂದಿಸುವ ಅಡಾಪ್ಟರ್ ಸಾಕು. ಮಿಕ್ಸಿ ಬೇಡ. ನಮ್ಮದು 230 ವೋಲ್ಟ್, ಅಮೆರಿಕದ್ದು 120, ಜಪಾನಿನದು 100. ಅಲ್ಲಿ ಅದು ಮುಲುಗುತ್ತದೆ, ಚಟ್ನಿ ಆಗುವುದಿಲ್ಲ. ಅಮೆರಿಕದಲ್ಲಿ ಸ್ವಿಚ್ ಮೇಲಕ್ಕೆ ಎತ್ತಿದರೆ ದೀಪ ಹತ್ತುತ್ತದೆ. ನಮ್ಮ ನೆಲಮಹಡಿಯೇ ಅಲ್ಲಿ ಫಸ್ಟ್ ಫ್ಲೋರ್, ಲಿಫ್ಟಿನಲ್ಲಿ ನೋಡಿ ಒತ್ತಿ.

## ಬೀದಿ, ಬಸ್ಸು, ಅಂಗಡಿ

ರಸ್ತೆ ದಾಟುವಾಗ ಕಾರು ನಮಗೋಸ್ಕರ ನಿಲ್ಲುತ್ತಂತೆ, ನಿಜವಾ?

ಜೀಬ್ರಾ ಪಟ್ಟೆ ಇದ್ದಲ್ಲಿ ಬಹಳ ದೇಶಗಳಲ್ಲಿ ನಿಲ್ಲುತ್ತದೆ. ತೊಂದರೆ ಇರುವುದು ನಮ್ಮಲ್ಲಿ, ನಂಬಿಕೆ ಬರಲ್ಲ. ಕಾರು ನಿಂತಿರುತ್ತದೆ, ನಾವು "ನೀವು ಹೋಗಿ" ಅಂತ ಕೈ ಮಾಡುತ್ತೇವೆ. ಆತ "ಇಲ್ಲ, ನೀವು" ಅನ್ನುತ್ತಾನೆ. ಹಿಂದೆ ಇನ್ನೂ ನಾಲ್ಕು ಕಾರು ನಿಲ್ಲುತ್ತವೆ, ಯಾರೂ ಹಾರ್ನ್ ಮಾಡಲ್ಲ. ಆ ಮೌನದಲ್ಲಿ ನಡೆದು ದಾಟುವುದು ವೇದಿಕೆ ಹತ್ತಿದಷ್ಟು ಕಷ್ಟ. ಎರಡು ದಿನದಲ್ಲಿ ರೂಢಿಯಾಗುತ್ತದೆ.

ನಿಜವಾದ ಅಪಾಯ ಬೇರೆ. ಅಮೆರಿಕದಲ್ಲಿ, ಯುರೋಪಿನ ಬಹುಪಾಲು ದೇಶಗಳಲ್ಲಿ ಗಾಡಿ ಬಲಗಡೆ ಓಡುತ್ತದೆ. ನಮ್ಮ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ, ಗಾಡಿ ಬರುವುದು ಎಡದಿಂದ. ಜರ್ಮನಿಯಲ್ಲಿ ರಸ್ತೆ ಖಾಲಿ ಇದ್ದರೂ ಕೆಂಪು ದೀಪಕ್ಕೆ ಜನ ನಿಂತಿರುತ್ತಾರೆ. ದಂಡ ಐದು ಯೂರೋ ಅಷ್ಟೇ. ಆದರೆ ಪಕ್ಕದಲ್ಲಿ ಮಕ್ಕಳಿದ್ದಾಗ ನೀವು ದಾಟಿದರೆ ಅಜ್ಜಿಯರು ಜೋರಾಗಿಯೇ ಗದರುತ್ತಾರೆ.

ರೈಲಿನಲ್ಲಿ ಯಾರೂ ಮಾತೇ ಆಡಲ್ಲ, ಯಾಕೆ ಹಾಗೆ?

ಜಪಾನಿನಲ್ಲಿ ರೈಲಿನೊಳಗೆ ಫೋನಿನಲ್ಲಿ ಮಾತಾಡುವುದು ಒರಟುತನ. ಬೋಗಿ ತುಂಬಿ ತುಳುಕುತ್ತಿರುತ್ತದೆ. ಅಷ್ಟು ಜನ ಮೈಗೆ ಮೈ ತಾಗಿಸಿ ನಿಂತಿರುವಾಗ ಸದ್ದಾದರೂ ಇಲ್ಲದಿರಲಿ ಅನ್ನುವ ಲೆಕ್ಕ ಇರಬೇಕು ಅಂತ ನನ್ನ ಊಹೆ. ಸಿಂಗಪುರದ ಮೆಟ್ರೊದಲ್ಲಿ ಮಾತಾಡಬಹುದು, ತಿನ್ನುವ ಹಾಗಿಲ್ಲ, ನೀರು ಕುಡಿಯುವ ಹಾಗೂ ಇಲ್ಲ. ದಂಡ 500 ಡಾಲರ್ ಅಂತ ಬೋರ್ಡೇ ಇರುತ್ತದೆ. ಹಲಸಿನ ದಾಯಾದಿ ಹಾಗೆ ಕಾಣುವ ದುರಿಯನ್ ಹಣ್ಣಿಗೂ ಪ್ರವೇಶವಿಲ್ಲ, ಅದರ ವಾಸನೆಗೆ.

ಎಸ್ಕಲೇಟರಿನಲ್ಲಿ ಲಂಡನ್ನಿನವರು ಬಲಕ್ಕೆ ನಿಲ್ಲುತ್ತಾರೆ, ಎಡಗಡೆ ಅವಸರದವರಿಗೆ. ಟೋಕಿಯೊದಲ್ಲಿ ಎಡಕ್ಕೆ. ಅದೇ ಜಪಾನಿನ ಒಸಾಕಾದಲ್ಲಿ ಬಲಕ್ಕೆ! ಮುಂದಿನವರನ್ನು ನೋಡಿ ನಿಲ್ಲಿ. ಜರ್ಮನಿಯ ಸ್ಟೇಷನ್ನುಗಳಲ್ಲಿ ಗೇಟೇ ಇರುವುದಿಲ್ಲ. ಹಾಗಂತ ಪುಕ್ಕಟೆ ಅಲ್ಲ. ಮಾಮೂಲಿ ಬಟ್ಟೆಯಲ್ಲಿ ಬರುವ ಚೆಕಿಂಗ್‌ನವರ ಕೈಗೆ ಟಿಕೆಟ್ ಇಲ್ಲದೆ ಸಿಕ್ಕರೆ 60 ಯೂರೋ.

ಬೆಲೆ ಒಂದು ಬರೆದಿರ್ತಾರೆ, ಬಿಲ್ಲಿನಲ್ಲಿ ಇನ್ನೊಂದು. ಮೋಸ ಮಾಡ್ತಾರಾ?

ಅಮೆರಿಕದ ಮಾತಾದರೆ, ಮೋಸವಲ್ಲ. ಅಲ್ಲಿ ಶೆಲ್ಫಿನ ಮೇಲಿರುವುದು ತೆರಿಗೆ ಬಿಟ್ಟ ಬೆಲೆ. ಸೇಲ್ಸ್ ಟ್ಯಾಕ್ಸ್ ರಾಜ್ಯದಿಂದ ರಾಜ್ಯಕ್ಕೆ, ಊರಿಂದ ಊರಿಗೆ ಬೇರೆ. ಆರೆಗನ್ ರಾಜ್ಯದಲ್ಲಿ ಅದು ಇಲ್ಲವೇ ಇಲ್ಲ. ನಮ್ಮ ಎಂಆರ್‌ಪಿ ಅಭ್ಯಾಸವನ್ನೂ ಬಿಡಬೇಕು. ಪೊಟ್ಟಣದ ಮೇಲೆ ಬೆಲೆ ಅಚ್ಚಾಗಿರಬೇಕು ಅನ್ನುವ ಕಾನೂನು ಬಹಳ ಕಡೆ ಇಲ್ಲ. ಒಂದೇ ನೀರಿನ ಬಾಟಲಿಗೆ ಅಂಗಡಿಯಲ್ಲಿ ಒಂದು ಬೆಲೆ, ಪಕ್ಕದ ಸ್ಟೇಷನ್ನಿನಲ್ಲಿ ಮೂರು ಪಟ್ಟು ಇರಬಹುದು, ಜಗಳಕ್ಕೆ ಆಸ್ಪದವಿಲ್ಲ.

ಜರ್ಮನಿ, ಇಟಲಿ ಕಡೆ ಅಲ್ಪವಿರಾಮ ಮತ್ತು ಚುಕ್ಕಿ ಅದಲುಬದಲು. 1.500 ಅಂದರೆ ಒಂದೂವರೆ ಸಾವಿರ. 1,50 ಅಂದರೆ ಒಂದೂವರೆ.

ಟಿಪ್ಸ್ ಎಷ್ಟು ಕೊಡಬೇಕು? ಕೊಡದಿದ್ದರೆ ಏನಾಗುತ್ತೆ?

ಅಮೆರಿಕದಲ್ಲಿ ಕೂತು ತಿನ್ನುವ ಹೋಟೆಲಿನಲ್ಲಿ ಬಿಲ್ಲಿನ ಶೇಕಡ 15ರಿಂದ 20. ಖುಷಿಯಾದರೆ ಕೊಡುವ ಚಿಲ್ಲರೆ ಅಲ್ಲ ಅದು, ಬಡಿಸುವವರ ಸಂಬಳದ ಭಾಗ. ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್. 1991ರಿಂದ ಬದಲಾಗಿಲ್ಲ. ಕೆಲವು ರಾಜ್ಯಗಳು ಇದಕ್ಕಿಂತ ಜಾಸ್ತಿ ನಿಗದಿ ಮಾಡಿವೆ, ಎಲ್ಲವೂ ಅಲ್ಲ. ಇದು ಸರಿಯಾದ ಪದ್ಧತಿ ಅಂತ ನನಗೆ ಅನ್ನಿಸಿಲ್ಲ. ಆದರೆ ಆ ಸಿಟ್ಟನ್ನು ಬಡಿಸಿದವರ ಮೇಲೆ ತೀರಿಸಿಕೊಳ್ಳುವುದು ಅನ್ಯಾಯ.

ಜಪಾನಿನಲ್ಲಿ ತದ್ವಿರುದ್ಧ. ಮೇಜಿನ ಮೇಲೆ ದುಡ್ಡು ಬಿಟ್ಟು ಬಂದರೆ, ಮರೆತಿರಬೇಕು ಅಂತ ಹುಡುಗ ಓಡಿಬಂದು ಕೈಗಿಡುತ್ತಾನೆ. ಯುರೋಪಿನ ಹಲವು ಕಡೆ ಬಿಲ್ಲನ್ನು ಮುಂದಿನ ಇಡೀ ಸಂಖ್ಯೆಗೆ ಏರಿಸಿ ಕೊಟ್ಟರೆ ನಡೆಯುತ್ತದೆ.

ಭಾನುವಾರ ಊರಿಗೆ ಊರೇ ಮುಚ್ಚಿರುತ್ತಂತೆ?

ಜರ್ಮನಿ, ಆಸ್ಟ್ರಿಯಾದಲ್ಲಿ ಹೌದು. ಅಂಗಡಿಯವರಿಗೂ ರಜೆ ಬೇಕು ಅನ್ನುವುದು ಕಾನೂನಿನಲ್ಲೇ ಇದೆ. ಹಾಲು, ಬ್ರೆಡ್ ಶನಿವಾರವೇ ತಂದಿಟ್ಟುಕೊಳ್ಳಿ. ತೀರಾ ಬೇಕಾದರೆ ದೊಡ್ಡ ರೈಲ್ವೆ ಸ್ಟೇಷನ್ನಿನ ಅಂಗಡಿಗಳು ತೆರೆದಿರುತ್ತವೆ. ಭಾನುವಾರ ಗೋಡೆಗೆ ಮೊಳೆ ಹೊಡೆಯಲು ಹೋಗಬೇಡಿ, ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ.

## ಊಟದ ವಿಷಯ

ನಾನು ಪಕ್ಕಾ ಸಸ್ಯಾಹಾರಿ. ಉಪವಾಸ ಬೀಳಬೇಕಾಗುತ್ತಾ?

ಇಲ್ಲ, ಆದರೆ "ವೆಜಿಟೇರಿಯನ್" ಅಂದರೆ ಸಾಕು ಅಂತ ನಂಬಬೇಡಿ. ಆ ಪದ ಕೇಳಿ "ಹಾಗಾದರೆ ಮೀನು ಕೊಡಲಾ?" ಅಂದವರನ್ನು ಕಂಡಿದ್ದೇನೆ. ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಮೊಟ್ಟೆ ಬೇಡ ಅಂತ ಒಂದೊಂದೇ ಹೇಳಿ. ಮೊಟ್ಟೆ ಇಲ್ಲದ ಸಸ್ಯಾಹಾರ ಅನ್ನುವ ನಮ್ಮ ಲೆಕ್ಕ ಅವರಿಗೆ ಹೊಸದು. ಪೊಟ್ಟಣದ ಮೇಲಿನ ಹಸಿರು ಚುಕ್ಕಿಯೂ ಅಲ್ಲಿ ಇರುವುದಿಲ್ಲ.

ಕಣ್ಣಿಗೆ ಕಾಣದ್ದೇ ಕಷ್ಟ. ಜಪಾನಿನಲ್ಲಿ ತರಕಾರಿ ಸೂಪಿಗೂ ದಾಶಿ ಅನ್ನುವ ತಿಳಿ ಇರುತ್ತದೆ, ಸಾಮಾನ್ಯವಾಗಿ ಒಣಮೀನಿನ ಚೂರಿನಿಂದ ಇಳಿಸಿದ್ದು. ಥಾಯ್ಲೆಂಡಿನ ಪಲ್ಯಕ್ಕೆ ಮೀನಿನ ಸಾಸ್ ಬೀಳುತ್ತದೆ, ನಾವು ಉಪ್ಪು ಹಾಕಿದಷ್ಟು ಸಹಜವಾಗಿ. ಇಟಲಿಯ ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ಬಂದದ್ದು. ಜೆಲ್ಲಿ ಮಿಠಾಯಿ, ಮಾರ್ಷ್‌ಮ್ಯಾಲೋಗಳಲ್ಲಿ ಜೆಲಟಿನ್, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು.

ಥಾಯ್ಲೆಂಡಿನಲ್ಲಿ ಒಂದೇ ಒಂದು ಪದ ಕಲಿಯಿರಿ: "ಜೇ". ಅಂಗಡಿ ಮುಂದೆ ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತಾರೆ. ಮಾಂಸ, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಊಟ ಅದು. ಏಕಾದಶಿ ಮಾಡುವ ನಮ್ಮ ಅತ್ತೆಗೆ ಇದನ್ನು ಹೇಳಿದಾಗ "ಹಾಗಾದ್ರೆ ನಾನೂ ಬರ್ತೀನಿ" ಅಂದರು.

ಕೈಯಲ್ಲಿ ತಿಂದರೆ ನಗ್ತಾರಾ?

ಪಿಜ್ಜಾ, ಬರ್ಗರನ್ನು ಅವರೂ ಕೈಯಲ್ಲೇ ತಿನ್ನುತ್ತಾರೆ. ಇಥಿಯೋಪಿಯಾದಲ್ಲಿ ಇಂಜೆರಾ ಅನ್ನುವ, ದೋಸೆಯ ಹಾಗೆ ಹುಳಿ ಬರಿಸಿದ ರೊಟ್ಟಿಯನ್ನು ಎಲ್ಲರೂ ಒಂದೇ ತಟ್ಟೆಯಿಂದ ಬಲಗೈಯಲ್ಲಿ ಮುರಿದು ತಿನ್ನುತ್ತಾರೆ. ಅನ್ನ ಸಾರನ್ನು ಕಲಸಿ ತಿನ್ನುವುದು ಮಾತ್ರ ನಿಮ್ಮ ರೂಮಿನಲ್ಲಿರಲಿ. ಜಪಾನಿನಲ್ಲಿ ನೂಡಲ್ಸನ್ನು ಸೊರ್ ಅಂತ ಎಳೆದರೆ ತಪ್ಪಿಲ್ಲ. ಆದರೆ ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬೇಡಿ. ಅದು ತೀರಿಹೋದವರಿಗೆ ಅನ್ನ ಇಡುವ ರೀತಿ.

## ಜನರ ನಡುವೆ

"ಹೌ ಆರ್ ಯೂ" ಅಂತ ಕೇಳಿ, ಉತ್ತರ ಕೇಳಿಸಿಕೊಳ್ಳದೆ ಹೋಗಿಬಿಡ್ತಾರಲ್ಲ, ಇದೆಂಥ ಮರ್ಯಾದೆ?

ನಾವು "ಊಟ ಆಯ್ತಾ?" ಅಂತ ಕೇಳುತ್ತೇವಲ್ಲ, ಆಗಿಲ್ಲ ಅಂದರೆ ಬಡಿಸುತ್ತೇವಾ? ಅದೂ ಇದೂ ಒಂದೇ. "ಗುಡ್, ಯೂ?" ಅಂದು ಮುಂದೆ ನಡೆಯಿರಿ. ಮಂಡಿ ನೋವಿನ ಕಥೆ ಶುರುಮಾಡಬೇಡಿ.

ಸಂಬಳ, ಮದುವೆ, ಮಕ್ಕಳ ಬಗ್ಗೆ ಕೇಳಬಾರದಂತೆ. ಮತ್ತೆ ಮಾತಾಡೋದು ಏನು?

ಬ್ರಿಟನ್ನಿನಲ್ಲಿ ಹವಾಮಾನ, ಅಮೆರಿಕದಲ್ಲಿ ಆಟ, ಎಲ್ಲ ಕಡೆ ನಾಯಿ. ನಾಯಿಯ ವಯಸ್ಸು ಕೇಳಬಹುದು, ಯಜಮಾನರದು ಬೇಡ. ಆದರೆ ಇದು ಜಗತ್ತಿನ ನಿಯಮವಲ್ಲ. ಕೊರಿಯಾದವರು ಬೇಗನೆ ವಯಸ್ಸು ಕೇಳುತ್ತಾರೆ. ಹಿರಿಯರೋ ಕಿರಿಯರೋ ಗೊತ್ತಾಗದೆ ಅವರ ಭಾಷೆಯಲ್ಲಿ ಯಾವ ಕ್ರಿಯಾಪದ ಬಳಸಬೇಕು ಅಂತ ತಿಳಿಯುವುದಿಲ್ಲ. "ನೀನು" ಅನ್ನಲೋ "ನೀವು" ಅನ್ನಲೋ ಅನ್ನುವ ನಮ್ಮ ಒದ್ದಾಟವೇ ಅದು. ನಾರ್ವೆಯಲ್ಲಿ ಯಾರು ಎಷ್ಟು ಆದಾಯ ತೋರಿಸಿದ್ದಾರೆ ಅನ್ನುವುದು ಸರ್ಕಾರದ ಪಟ್ಟಿಯಲ್ಲಿ ಸಿಗುತ್ತದೆ. ಆದರೆ ಈಗ, ಹುಡುಕಿದವರು ಯಾರು ಅನ್ನುವುದು ಅವರಿಗೂ ತಿಳಿಯುತ್ತದೆ.

ನಾನು ತಲೆ ಅಲ್ಲಾಡಿಸಿದರೆ ಅವರು ಗೊಂದಲಕ್ಕೆ ಬೀಳ್ತಾರೆ. ಯಾಕೆ?

ನಮ್ಮ ಆ ಅತ್ತಿತ್ತ ತೂಗುವ ತಲೆಗೆ ಹೂಂ, ಸರಿ, ನೋಡೋಣ, ಕೇಳಿಸಿಕೊಳ್ಳುತ್ತಿದ್ದೇನೆ ಅಂತ ಹತ್ತು ಅರ್ಥ. ಅವರ ಕಣ್ಣಿಗೆ ಅದು "ಇಲ್ಲ" ಅನ್ನಿಸುತ್ತದೆ. ಬಾಯಿಬಿಟ್ಟು ಹೇಳಿ. ಬಲ್ಗೇರಿಯಾದಲ್ಲಂತೂ ತಲೆ ಮೇಲೆ ಕೆಳಗೆ ಆಡಿಸಿದರೆ ಇಲ್ಲ, ಪಕ್ಕಕ್ಕೆ ಆಡಿಸಿದರೆ ಹೌದು.

ಮನೆಗೆ ಊಟಕ್ಕೆ ಕರೆದಿದ್ದಾರೆ. ಏನು ತಗೊಂಡು ಹೋಗಲಿ, ಹೇಗೆ ನಡ್ಕೊಳ್ಳಲಿ?

ಮೊದಲು ಒಂದು ಎಚ್ಚರಿಕೆ. ಅಲ್ಲಿ ಬಲವಂತ ಇಲ್ಲ. ನಮ್ಮಲ್ಲಿ ಎರಡು ಸಲ "ಬೇಡ, ಬೇಡ" ಅನ್ನಬೇಕು, ಬಡಿಸುವವರು ಮೂರನೇ ಸಲ ಹಾಕಿಬಿಡಬೇಕು, ಆಗ ಇಬ್ಬರಿಗೂ ಸಮಾಧಾನ. ಒಬ್ಬರ ಮನೆಯಲ್ಲಿ ನಾನು ಅಭ್ಯಾಸಬಲದಿಂದ "ನೋ, ಥ್ಯಾಂಕ್ಸ್" ಅಂದೆ. ಆಲೂಗಡ್ಡೆಯ ಬಟ್ಟಲು ಹಾಗೇ ಮುಂದಕ್ಕೆ ಹೋಯಿತು. ಕಣ್ಣಲ್ಲೇ ಅದನ್ನು ಮೇಜಿನ ಕೊನೆಯವರೆಗೂ ಹಿಂಬಾಲಿಸಿದೆ. ವಾಪಸ್ ಬರಲಿಲ್ಲ. ರಾತ್ರಿ ರೂಮಿನಲ್ಲಿ ಬಿಸ್ಕತ್ತು. ಬೇಕಿದ್ದರೆ ಮೊದಲ ಸಲವೇ "ಯೆಸ್" ಅನ್ನಿ. ಅವರು ಜಿಪುಣರಲ್ಲ, ನಿಮ್ಮ ಮಾತನ್ನು ನಂಬುತ್ತಾರೆ, ಅಷ್ಟೇ.

ಜರ್ಮನಿ, ಸ್ವಿಟ್ಜರ್ಲೆಂಡಿನಲ್ಲಿ ಏಳು ಗಂಟೆ ಅಂದರೆ ಏಳೇ. ಉಡುಗೊರೆಯನ್ನು ಪಶ್ಚಿಮದವರು ನಿಮ್ಮೆದುರೇ ಬಿಚ್ಚಿ ಸಂತೋಷಪಡುತ್ತಾರೆ. ಜಪಾನ್, ಚೀನಾದಲ್ಲಿ ಸಾಮಾನ್ಯವಾಗಿ ಪಕ್ಕಕ್ಕಿಟ್ಟು ಆಮೇಲೆ ನೋಡುತ್ತಾರೆ, ನಮ್ಮ ಹಾಗೆ. ಹೂವಾದರೆ ಜೋಪಾನ. ಫ್ರಾನ್ಸಿನಲ್ಲಿ ಸೇವಂತಿಗೆ ಸಮಾಧಿಗೆ ಇಡುವ ಹೂವು. ರಷ್ಯಾದಲ್ಲಿ ಸಮಸಂಖ್ಯೆಯ ಹೂವು ಸಾವಿನ ಮನೆಗೆ. ನಾವು ಮದುವೆಗೆ 101, 501 ಅಂತ ಮುಯ್ಯಿ ಮಾಡುತ್ತೇವಲ್ಲ, ಜಪಾನಿನವರೂ ಮದುವೆಯ ಲಕೋಟೆಗೆ ಬೆಸಸಂಖ್ಯೆಯನ್ನೇ ಹುಡುಕುತ್ತಾರೆ. ಸಮ ಆದರೆ ಜೋಡಿ ಎರಡು ಭಾಗವಾಗುತ್ತದೆ ಅಂತ. ಚೀನಾದವರಿಗೆ ಸಮಸಂಖ್ಯೆಯೇ ಶುಭ, ನಾಲ್ಕೊಂದು ಬಿಟ್ಟು.

ಗೆಳೆಯನ ಕೈ ಹಿಡಿದು ನಡೆದರೆ ತಪ್ಪು ತಿಳೀತಾರಾ?

ಯುರೋಪ್, ಅಮೆರಿಕದಲ್ಲಿ ಇಬ್ಬರು ಗಂಡಸರು ಕೈ ಹಿಡಿದು ನಡೆದರೆ ಜೋಡಿ ಅಂದುಕೊಳ್ಳುತ್ತಾರೆ, ತಪ್ಪು ಅಂದುಕೊಳ್ಳುವುದಿಲ್ಲ. ಅಲ್ಲಿ ಗಂಡ ಹೆಂಡತಿ ಬೀದಿಯಲ್ಲಿ ಮುತ್ತಿಟ್ಟರೆ ಯಾರೂ ತಿರುಗಿ ನೋಡಲ್ಲ, ನೀವೂ ನೋಡಬೇಡಿ. ಕೊಲ್ಲಿ ದೇಶಗಳಲ್ಲಿ ಉಲ್ಟಾ. ಗಂಡಸರು ಕೈ ಹಿಡಿಯಬಹುದು, ದಂಪತಿ ಮುತ್ತಿಟ್ಟರೆ ಪೊಲೀಸರವರೆಗೂ ಹೋಗಬಹುದು.

## ಸ್ವಲ್ಪ ಸೂಕ್ಷ್ಮವಾದವು

ಬ್ಯಾಗಿನಲ್ಲಿ ಸಾರಿನ ಪುಡಿ, ಉಪ್ಪಿನಕಾಯಿ, ಗಸಗಸೆ ಒಯ್ಯಬಹುದಾ?

ಗಸಗಸೆಯನ್ನು ಮೊದಲು ತೆಗೆದಿಡಿ. ಅಫೀಮಿನ ಗಿಡದ ಬೀಜ ಅದು. ಯುಎಇ, ಸಿಂಗಪುರದಲ್ಲಿ ನಿಷೇಧ. ಪಾಯಸದ ಆಸೆಗೆ ಜೈಲಿನ ಬಾಗಿಲು ನೋಡಬೇಕಾದೀತು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ತಿನ್ನುವ ಪದಾರ್ಥ ಏನೇ ಇದ್ದರೂ ಫಾರಂನಲ್ಲಿ "ಇದೆ" ಅಂತ ಬರೆಯಿರಿ. ಬರೆದರೆ ಹೆಚ್ಚೆಂದರೆ ಕಿತ್ತುಕೊಂಡು ಎಸೆಯುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ, ವಿಮಾನದಲ್ಲಿ ಕೊಟ್ಟ ಸೇಬು ಮರೆತು ಚೀಲದಲ್ಲಿ ಉಳಿದಿದ್ದರೂ, ನ್ಯೂಜಿಲೆಂಡಿನಲ್ಲಿ 400 ಡಾಲರ್ ದಂಡ.

ಮಗಳ ಹೊಸ ಮನೆ ಬಾಗಿಲಿಗೆ ಸ್ವಸ್ತಿಕ ಬರೆಯಬಹುದಾ?

ಹೊರಬಾಗಿಲಿಗೆ ಬೇಡ, ದೇವರ ಗೂಡಿನಲ್ಲಿರಲಿ. ಜರ್ಮನಿಯಲ್ಲಿ ನಾಜಿ ಚಿಹ್ನೆ ತೋರಿಸುವುದು ಅಪರಾಧ. ನಮ್ಮದು ಅದಲ್ಲ, ಧರ್ಮದ ಗುರುತು ಅಂತ ವಿವರಿಸಬಹುದು, ನಿಜ. ಆದರೆ ದಾರಿಯಲ್ಲಿ ಹೋಗುವವರಿಗೆ ವಿವರಣೆ ಕೇಳುವ ವ್ಯವಧಾನ ಇರಲ್ಲ. ಅವರ ಅಜ್ಜಿಯನ್ನೋ ಮುತ್ತಜ್ಜನನ್ನೋ ಕೊಂದವರ ಬಾವುಟದ ಮೇಲೆ ಇದ್ದದ್ದು ಅದೇ ಆಕಾರ. ನಾವು ಸರಿ ಅನ್ನುವುದಕ್ಕಿಂತ ಅವರಿಗಾಗುವ ನೋವು ದೊಡ್ಡದು ಅಂತ ನನ್ನ ಅಭಿಪ್ರಾಯ. ಓಂ ಬರೆಯಿರಿ, ರಂಗೋಲಿ ಹಾಕಿ.

ಮಗನ ಮನೆಗೆ ಆರು ತಿಂಗಳು ಹೋಗ್ತಿದ್ದೇವೆ. ಬೇಜಾರಾಗುತ್ತಾ?

ಎರಡನೇ ವಾರದಿಂದ ಆಗುತ್ತದೆ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಲಂಡನ್ನಿನಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ರಾತ್ರಿ ಒಂಬತ್ತು ದಾಟಿದರೂ ಮುಳುಗಲ್ಲ. ಸಂಧ್ಯಾವಂದನೆ ಮಾಡುವವರು ಪೇಚಿಗೆ ಸಿಲುಕುತ್ತಾರೆ. ಹತ್ತಿರದ ಲೈಬ್ರರಿ, ಪಾರ್ಕಿನ ದಾರಿಯನ್ನು ಮೊದಲ ವಾರವೇ ಕಲಿತುಬಿಡಿ.

ಕೆಲಸದವರು ಬರುವುದಿಲ್ಲ. ಆ ದೇಶಗಳಲ್ಲಿ ಮನುಷ್ಯನ ಒಂದು ಗಂಟೆಗೆ ಬೆಲೆ ಜಾಸ್ತಿ. ಅದಕ್ಕೇ ತಟ್ಟೆಯನ್ನು ನೀವೇ ಎತ್ತಬೇಕು, ಪೆಟ್ರೋಲನ್ನು ನೀವೇ ಹಾಕಿಕೊಳ್ಳಬೇಕು, ಕಸವನ್ನು ನೀವೇ ಬೇರೆ ಮಾಡಬೇಕು. ಇನ್ನೊಂದು, ಒಗ್ಗರಣೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕದೆ ಒಣಮೆಣಸಿನಕಾಯಿ ಎಣ್ಣೆಗೆ ಬಿಟ್ಟರೆ ಚಾವಣಿಯ ಸ್ಮೋಕ್ ಅಲಾರಂ ಇಡೀ ಮನೆ ಕೂಗಿಸುತ್ತದೆ. ಗಾಬರಿಯಾಗದೆ ಕಿಟಕಿ ತೆಗೆದು, ಅಲಾರಂ ಕೆಳಗೆ ನಿಂತು ಟವೆಲ್ ಬೀಸಿ. ಊದುಬತ್ತಿಗೂ ಇದೇ ಮಾತು.

ವಾಪಸ್ ಬಂದ ಮೇಲೆ ನಮ್ಮೂರೇ ವಿಚಿತ್ರ ಅನ್ಸುತ್ತಂತೆ, ಹೌದಾ?

ಒಂದು ವಾರ ಅನ್ನಿಸುತ್ತದೆ. ಹಾರ್ನಿಗೆ ಬೆಚ್ಚುತ್ತೀರಿ. ಜೀಬ್ರಾ ಪಟ್ಟೆಯ ಮೇಲೆ ಕಾರು ನಿಲ್ಲುತ್ತೆ ಅಂತ ಹೆಜ್ಜೆ ಇಟ್ಟು ಜೀವ ಕೈಗೆ ಬರುತ್ತದೆ. ಎಲ್ಲದಕ್ಕೂ "ಥ್ಯಾಂಕ್ ಯೂ" ಹೇಳುವ ಚಟವಂತೂ ಬೇಗ ಬಿಡಲ್ಲ. ಬಂದ ಮರುದಿನ ಬೆಳಿಗ್ಗೆ ಅಮ್ಮ ಕಾಫಿ ಲೋಟ ಕೈಗಿಟ್ಟರು. "ಥ್ಯಾಂಕ್ಸ್ ಅಮ್ಮ" ಅಂದೆ. ಅಮ್ಮ ನಿಂತು, ನನ್ನ ಹಣೆ ಮುಟ್ಟಿ ನೋಡಿ, "ಯಾಕೋ, ಹುಷಾರಿಲ್ವಾ?" ಅಂದರು.